ಮೌನ ಪ್ರಾರ್ಥನೆಯಲ್ಲಿ ಹೃದಯ ತೆರೆಯಬೇಕು ಎನ್ನುತ್ತಾರೆ, ತೆರೆಯುವುದು ಹೇಗೆ?

ಹಾಸನದ ಸಹೋದರಿ

ಎಲ್ಲರಿಗೂ ಪ್ರಭುವಿನಲ್ಲಿ ವಂದನೆಗಳು. ನಾನು ಕಥೋಲಿಕ ಕುಟುಂಬದಲ್ಲಿ ಬೆಳೆದವಳು. ಜಪಸರ, ನೊವೇನ, ಭಾನುವಾರದ ಬಲಿಪೂಜೆ ಇವೆಲ್ಲ ಚಿಕ್ಕಂದಿನಿಂದಲೂ ಇವೆ. ಕಳೆದ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಧ್ಯಾನಕೂಟಕ್ಕೆ ಬಂದಿದ್ದ ಸಿಸ್ಟರ್ ಒಬ್ಬರು 'ಸೆಂಟರಿಂಗ್ ಪ್ರೇಯರ್' ಎಂಬ ಮೌನ ಪ್ರಾರ್ಥನೆಯನ್ನು ಕಲಿಸಿದರು. ಒಂದು ಚಿಕ್ಕ ಪದವನ್ನು ಆರಿಸಿಕೊಂಡು, ಕಣ್ಣು ಮುಚ್ಚಿ, ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷ ದೇವರ ಎದುರು ಸುಮ್ಮನೆ ಕುಳಿತಿರಬೇಕು. "ದೇವರ ಪ್ರೀತಿಗೆ ಹೃದಯ ತೆರೆದಿಟ್ಟರೆ ಸಾಕು, ಉಳಿದದ್ದು ಅವರ ಕೆಲಸ" ಎಂದರು.

ಅಂದಿನಿಂದ ಬೆಳಗಿನ ಹೊತ್ತು ತಪ್ಪದೆ ಕುಳಿತುಕೊಳ್ಳುತ್ತಿದ್ದೇನೆ. ಕುಳಿತ ಮರುಗಳಿಗೆಯೇ ಮಗನ ಕಾಲೇಜು ಶುಲ್ಕ, ಅತ್ತೆಯ ಮಾತ್ರೆ, ಹಿಂದಿನ ದಿನ ಕಚೇರಿಯಲ್ಲಿ ಯಾರೋ ಆಡಿದ ಮಾತು, ಒಂದರ ಹಿಂದೊಂದು ಬರುತ್ತವೆ. ಪ್ರೀತಿಯ ಅನುಭವವಂತೂ ಆಗಿಲ್ಲ. ಜಪಸರ ಹಿಡಿದಾಗ ಸಿಗುವ ಸಮಾಧಾನವೂ ಇಲ್ಲಿ ಸಿಗುವುದಿಲ್ಲ. ಹೃದಯ ತೆರೆಯುವುದು ಎಂದರೆ ನಾನು ಮಾಡಬೇಕಾದದ್ದು ಏನು? ಇದು ಮಠದಲ್ಲಿ ಇರುವವರಿಗೆ ಮಾತ್ರ ಆಗುವಂಥದ್ದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನ ಅಣ್ಣ

ತಂಗಿ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಏನೂ ಸಿಗದಿದ್ದರೂ ಬೆಳಿಗ್ಗೆ ಎದ್ದು ಹೋಗಿ ಕುಳಿತುಕೊಳ್ಳುತ್ತಿದ್ದೀರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಈ ಕ್ರಮ ರೂಪುಗೊಂಡದ್ದು ಮಠದಲ್ಲಿ ಎಂಬುದು ನಿಜ. ಆದರೆ ಮಠದ ಹೊರಗಿನವರಿಗೆ ತಲುಪಿಸಬೇಕೆಂಬ ಕಾಳಜಿಯೇ ಅದರ ಹಿಂದೆ ಇತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬಲ್ಲಿ ಟ್ರಾಪಿಸ್ಟ್ ಸಂನ್ಯಾಸಿಗಳ ಸಂತ ಜೋಸೆಫರ ಮಠವಿದೆ. 1970ರ ದಶಕದಲ್ಲಿ ಫಾದರ್ ಥಾಮಸ್ ಕೀಟಿಂಗ್ ಅಲ್ಲಿನ ಮಠಾಧಿಪತಿಯಾಗಿದ್ದರು. ಯುವಜನರು ಧ್ಯಾನ ಕಲಿಯಲು ಪೂರ್ವದೇಶಗಳ ಗುರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲ ಅದು. ನಮ್ಮ ಧರ್ಮಸಭೆಯಲ್ಲೇ ಇರುವ ಮೌನದ ಸಂಪತ್ತನ್ನು ಇವರಿಗೆ ಅರ್ಥವಾಗುವಂತೆ ಕೊಡಲು ಆಗದೇ ಎಂದು ಕೀಟಿಂಗ್ ತಮ್ಮ ಮಠದವರನ್ನು ಕೇಳಿದರು. ಫಾದರ್ ವಿಲಿಯಂ ಮೆನಿಂಜರ್ 14ನೇ ಶತಮಾನದ ಒಂದು ಹಳೆಯ ಇಂಗ್ಲಿಷ್ ಗ್ರಂಥವನ್ನು ಆಧರಿಸಿ ಕಲಿಸಲು ತೊಡಗಿದರು. ಅದನ್ನು ಬರೆದವರು ತಮ್ಮ ಹೆಸರನ್ನೇ ಹೇಳಿಕೊಂಡಿಲ್ಲ. ಒಂದು ಪುಟ್ಟ ಪದವನ್ನು ಆರಿಸಿಕೊಂಡು ಹೃದಯದಲ್ಲಿ ಇಟ್ಟುಕೋ ಎಂಬ ಸಲಹೆ ಅದರಲ್ಲೇ ಇದೆ. ಫಾದರ್ ಬೇಸಿಲ್ ಪೆನ್ನಿಂಗ್ಟನ್ ಅವರೂ ಈ ಕೆಲಸಕ್ಕೆ ಕೈಜೋಡಿಸಿದರು. 1984ರ ಹೊತ್ತಿಗೆ ಇದನ್ನು ಹರಡಲೆಂದೇ ಒಂದು ಸಂಸ್ಥೆಯೂ ಹುಟ್ಟಿತು. ಅಲ್ಲಿಂದ ಇಂದಿನವರೆಗೆ ಹೀಗೆ ಕುಳಿತವರಲ್ಲಿ ಸಂಸಾರಸ್ಥರು, ಕೆಲಸಕ್ಕೆ ಹೋಗುವವರು, ಸೆರೆಮನೆಯಲ್ಲಿ ಇರುವವರೂ ಇದ್ದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೀಟಿಂಗ್ ಅವರ ಬೋಧನೆಯ ತಿರುಳು ಒಂದೇ: ಸಮ್ಮತಿ. ದೇವರು ನಮ್ಮೊಳಗೆ ಆಗಲೇ ಇದ್ದಾರೆ, ಆಗಲೇ ಪ್ರೀತಿಸುತ್ತಿದ್ದಾರೆ. "ನೀವು ಇಲ್ಲಿರುವುದಕ್ಕೂ ನನ್ನೊಳಗೆ ಕೆಲಸ ಮಾಡುವುದಕ್ಕೂ ನಾನು ಒಪ್ಪಿದ್ದೇನೆ" ಎಂದು ಹೇಳುವುದಷ್ಟೇ ನಮ್ಮ ಪಾಲು. ನೀವು ಆರಿಸಿಕೊಂಡ ಪವಿತ್ರ ಪದ ಆ ಒಪ್ಪಿಗೆಯ ಗುರುತು. ಅದಕ್ಕೆ ಬೇರೆ ಯಾವ ಶಕ್ತಿಯೂ ಇಲ್ಲ. ಆಲೋಚನೆಯ ಬೆನ್ನು ಹತ್ತಿದ್ದೇನೆ ಎಂದು ಅರಿವಾದಾಗ, ಗದರಿಕೊಳ್ಳದೆ, ಹಲ್ಲು ಕಚ್ಚದೆ, ಆ ಪದಕ್ಕೆ ಮರಳುತ್ತೀರಿ. ಹಾಗೆ ಮರಳಿದಾಗಲೆಲ್ಲ ಇನ್ನೊಮ್ಮೆ ಒಪ್ಪಿದಂತಾಯಿತು.

ಅವರ ಬಳಿ ಕಲಿತವರು ಹೇಳುವ ಒಂದು ಪ್ರಸಂಗವಿದೆ. ಶಿಬಿರವೊಂದರಲ್ಲಿ ಒಬ್ಬ ಕನ್ಯಾಸ್ತ್ರೀ ಮೊದಲ ಸಲ ಇಪ್ಪತ್ತು ನಿಮಿಷ ಕುಳಿತು ಎದ್ದು, ನನ್ನಿಂದ ಇದು ಆಗದು, ಹತ್ತು ಸಾವಿರ ಆಲೋಚನೆಗಳು ಬಂದವು ಎಂದು ಕೊರಗಿದರಂತೆ. ಕೀಟಿಂಗ್ ಸಂತೋಷದಿಂದ, ಹಾಗಾದರೆ ದೇವರ ಕಡೆಗೆ ತಿರುಗಲು ಹತ್ತು ಸಾವಿರ ಅವಕಾಶಗಳು ಸಿಕ್ಕವಲ್ಲ ಎಂದರಂತೆ. ನಿಮ್ಮ ಮಗನ ಶುಲ್ಕ, ಅತ್ತೆಯ ಮಾತ್ರೆ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ ತಂಗಿ.

ಹುಬ್ಬಳ್ಳಿಯ ವಿಶ್ವಾಸಿ

ಕರ್ತನ ನಾಮಕ್ಕೆ ಸ್ತೋತ್ರ. ನಾನು ಪ್ರೊಟೆಸ್ಟಂಟ್ ಸಭೆಗೆ ಸೇರಿದವನು. ಸಹೋದರಿಯ ಮನಸ್ಸನ್ನು ನೋಯಿಸುವ ಉದ್ದೇಶ ನನಗಿಲ್ಲ. ಆದರೆ ಇದರ ಬಗ್ಗೆ ನನಗೆ ನಿಜವಾದ ಭಯವಿದೆ, ಅದನ್ನು ಹೇಳದೆ ಇರಲಾರೆ.

ಮತ್ತಾಯ 6ನೇ ಅಧ್ಯಾಯದ 7ನೇ ವಚನದಲ್ಲಿ, ಹೇಳಿದ್ದನ್ನೇ ಹೇಳುತ್ತ ಪ್ರಾರ್ಥಿಸಬೇಡಿ ಎಂದು ಯೇಸುಸ್ವಾಮಿಯೇ ಎಚ್ಚರಿಸಿದ್ದಾರೆ. ಒಂದೇ ಪದವನ್ನು ಹಿಡಿದುಕೊಂಡು ಕುಳಿತರೆ ಅದು ಮಂತ್ರಜಪಕ್ಕಿಂತ ಹೇಗೆ ಬೇರೆಯಾಗುತ್ತದೆ? ಎರಡನೆಯದಾಗಿ, ಮನಸ್ಸನ್ನು ಬರಿದು ಮಾಡಿ ಎಂದು ಸತ್ಯವೇದ ಎಲ್ಲಿ ಹೇಳುತ್ತದೆ? ಗುಡಿಸಿ ಅಲಂಕರಿಸಿದ ಬರಿದಾದ ಮನೆಗೆ ದೆವ್ವವು ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆತಂದ ಮಾತು ಮತ್ತಾಯ 12ರಲ್ಲಿದೆ. ಕಣ್ಣೀರಿನಿಂದ, ಗಟ್ಟಿ ಸ್ವರದಿಂದ, ವಾಗ್ದಾನಗಳನ್ನು ಹಿಡಿದು ಬೇಡುವುದನ್ನು ನನ್ನ ತಾಯಿ ನನಗೆ ಕಲಿಸಿದರು. ದೇವರು ಮಾತನಾಡುವ ದೇವರು. ನಾವೂ ಮಾತನಾಡಬೇಕಲ್ಲವೇ?

ದೈವಶಾಸ್ತ್ರ ವಿದ್ಯಾರ್ಥಿ, ಬೆಂಗಳೂರು

ಸಹೋದರರೇ, ನೀವು ಎತ್ತಿದ ಪ್ರಶ್ನೆ ಗಂಭೀರವಾದದ್ದು. ನಮ್ಮ ಕಥೋಲಿಕ ಧರ್ಮಸಭೆಯೊಳಗೂ ಇದೇ ಪ್ರಶ್ನೆ ಎದ್ದಿದೆ. 1989ರ ಅಕ್ಟೋಬರ್ 15ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಸಮಿತಿ, ಕಾರ್ಡಿನಲ್ ರಾಟ್ಸಿಂಗರ್ ಅವರ ಸಹಿಯೊಂದಿಗೆ, ಕ್ರೈಸ್ತ ಧ್ಯಾನದ ಬಗ್ಗೆ ಜಗತ್ತಿನ ಬಿಷಪರಿಗೆಲ್ಲ ಒಂದು ಪತ್ರ ಕಳುಹಿಸಿತು. ಯಾವ ವಿಧಾನವೂ ಯಂತ್ರದಂತೆ ದೇವರನ್ನು ತಂದುಕೊಡುವುದಿಲ್ಲ, ದೇಹಕ್ಕೆ ಸಿಗುವ ಹಿತವಾದ ಶಾಂತಿಯನ್ನು ಪವಿತ್ರಾತ್ಮರ ಸಾಂತ್ವನವೆಂದು ತಿಳಿಯಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಬೇರೆ ಧರ್ಮಗಳ ಮಾರ್ಗಗಳನ್ನು, ಕ್ರೈಸ್ತವಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ ಎಂಬ ಮಾತೂ ಅದೇ ಪತ್ರದಲ್ಲಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ಇನ್ನು ವಚನಗಳಿಗೆ ಬರೋಣ. ನೀವು ಹೇಳಿದ ಏಳನೇ ವಚನದ ಹಿಂದೆಯೇ ಆರನೆಯದಿದೆ: ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು, ಅಂತರಂಗದಲ್ಲಿರುವ ತಂದೆಗೆ ಪ್ರಾರ್ಥಿಸು. ಏಳನೆಯದರಲ್ಲಿ ಯೇಸು ಖಂಡಿಸುವುದು, ಹೆಚ್ಚು ಮಾತನಾಡಿದರೆ ದೇವರು ಕೇಳುತ್ತಾರೆ ಎಂಬ ಭಾವನೆಯನ್ನು. ಪದಗಳನ್ನು ಕಡಿಮೆ ಮಾಡಿ ಕುಳಿತವರಿಗೆ ಆ ಮಾತು ಹೇಗೆ ತಗಲುತ್ತದೆ ಎಂದು ನನಗೆ ತೋಚುವುದಿಲ್ಲ. ಅದೇ ಯೇಸು ಗೆತ್ಸೆಮನೆ ತೋಟದಲ್ಲಿ ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರೆಂದು ಮತ್ತಾಯನೇ ಬರೆದಿದ್ದಾನೆ.

ಹನ್ನಳನ್ನು ನೆನಪಿಸಿಕೊಳ್ಳಿ. 1 ಸಮುವೇಲ 1ರಲ್ಲಿ ಆಕೆ ಶೀಲೋವಿನಲ್ಲಿ ದುಃಖದಿಂದ ಪ್ರಾರ್ಥಿಸುವಾಗ ತುಟಿ ಅಲುಗುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಯಾಜಕನಾದ ಏಲಿ ಆಕೆ ಕುಡಿದಿದ್ದಾಳೆಂದು ಭಾವಿಸಿ ಗದರಿದ. ಮನೆ ಬರಿದಾಗುವ ಮಾತಿಗೂ ಇಲ್ಲೇ ಉತ್ತರವಿದೆ ಎಂದು ನನ್ನ ನಂಬಿಕೆ. ಹನ್ನಳಲ್ಲಿ ಸದ್ದಿರಲಿಲ್ಲ, ಆದರೆ ಆಕೆ ಬರಿದಾಗಿರಲಿಲ್ಲ. ದೇವರ ಎದುರು ತನ್ನ ಪ್ರಾಣವನ್ನೇ ಹೊಯ್ದುಕೊಂಡಿದ್ದಳು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲರು, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದು, ಮಾತಿಗೆ ಸಿಗದ ನಿಟ್ಟುಸಿರುಗಳಿಂದ ಪವಿತ್ರಾತ್ಮರೇ ನಮಗಾಗಿ ಬೇಡುತ್ತಾರೆ ಎನ್ನುತ್ತಾರೆ. ಮೌನ ಪ್ರಾರ್ಥನೆಗೆ ಕುಳಿತವರು ಆ ಬೇಡಿಕೆಗೆ ಜಾಗ ಬಿಟ್ಟುಕೊಡುತ್ತಾರೆ.

ಚರಿತ್ರೆಯ ಒಂದು ವಿಷಯವನ್ನೂ ಸೇರಿಸುತ್ತೇನೆ. 5ನೇ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಎಂಬ ಸಂನ್ಯಾಸಿ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳಿಂದ ಕಲಿತದ್ದನ್ನು ಬರೆದಿಟ್ಟರು. ಅದರಲ್ಲಿ ಅಬ್ಬಾ ಐಸಾಕ್ ಎಂಬ ಹಿರಿಯರು, 70ನೇ ಕೀರ್ತನೆಯ ಮೊದಲ ಸಾಲನ್ನು, ಅಂದರೆ ದೇವರೇ ನನ್ನ ನೆರವಿಗೆ ಬಾ ಎಂಬ ಬೇಡಿಕೆಯನ್ನು, ಊಟ ಮಾಡುವಾಗ, ನಡೆಯುವಾಗ, ನಿದ್ದೆಗೆ ಜಾರುವಾಗಲೂ ಬಿಡದೆ ಹಿಡಿದಿರಲು ಕಲಿಸುತ್ತಾರೆ. ಧರ್ಮಸಭೆಯ ದೈನಂದಿನ ಪ್ರಾರ್ಥನೆಗಳು ಇಂದಿಗೂ ಅದೇ ಸಾಲಿನಿಂದ ಶುರುವಾಗುತ್ತವೆ.

ಈ ಕ್ಯಾಸಿಯನ್ನರನ್ನು ನಮ್ಮ ಕಾಲಕ್ಕೆ ಮತ್ತೆ ತಂದವರು ಜಾನ್ ಮೇಯ್ನ್ ಎಂಬ ಬೆನೆಡಿಕ್ಟೈನ್ ಸಂನ್ಯಾಸಿ. 1950ರ ದಶಕದಲ್ಲಿ, ಸಂನ್ಯಾಸಿಯಾಗುವ ಮೊದಲು, ಅವರು ಮಲಯಾದಲ್ಲಿ (ಇಂದಿನ ಮಲೇಷ್ಯಾ) ಸರ್ಕಾರಿ ಕೆಲಸದಲ್ಲಿದ್ದರು. ಅಲ್ಲಿ ಸ್ವಾಮಿ ಸತ್ಯಾನಂದ ಎಂಬ ಹಿಂದೂ ಸಂನ್ಯಾಸಿ, ನೀನು ಕ್ರೈಸ್ತನಾದ್ದರಿಂದ ಕ್ರೈಸ್ತ ಪದವನ್ನೇ ಇಟ್ಟುಕೊಂಡು ಧ್ಯಾನಿಸು ಎಂದು ಕಲಿಸಿದರು. ಮುಂದೆ ಮಠ ಸೇರಿದಾಗ ಗುರುಗಳು ಅದನ್ನು ಬಿಡಲು ಹೇಳಿದರು, ಇವರು ಬಿಟ್ಟರು. ಎಷ್ಟೋ ವರ್ಷಗಳ ನಂತರ ಕ್ಯಾಸಿಯನ್ನರನ್ನು ಓದುವಾಗ ಅದೇ ದಾರಿ ತಮ್ಮ ಮನೆಯಲ್ಲೇ ಇತ್ತೆಂದು ಕಂಡುಕೊಂಡರು. ಅವರು ಕಲಿಸಿದ ಪದ 'ಮಾರನಾಥ', 1 ಕೊರಿಂಥ 16:22ರಲ್ಲಿ ಬರುವ, 'ಕರ್ತನೇ, ಬಾ' ಎಂಬ ಅರ್ಥದ ಅರಾಮಿಕ್ ಪ್ರಾರ್ಥನೆ. ಕೀಟಿಂಗ್ ಮತ್ತು ಮೇಯ್ನ್ ಇಬ್ಬರ ಕ್ರಮಗಳೂ ಒಂದೇ ಎಂದು ಬೆರೆಸಬೇಡಿ. ಮೇಯ್ನ್ ಕ್ರಮದಲ್ಲಿ ಆ ಪದವನ್ನು ಮೊದಲಿನಿಂದ ಕೊನೆಯವರೆಗೂ ಬಿಡದೆ ಹೇಳಬೇಕು. ಕೀಟಿಂಗ್ ಕ್ರಮದಲ್ಲಿ ಆಲೋಚನೆಗೆ ಸಿಲುಕಿದಾಗ ಮಾತ್ರ ಅದಕ್ಕೆ ಮರಳಬೇಕು.

ಚಿಕ್ಕಮಗಳೂರಿನ ಅಜ್ಜಿ

ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ಪೂಜೆ ಮುಗಿದ ಮೇಲೆ ಎಲ್ಲರೂ ಹೊರಟುಹೋದರೂ ನಾನು ಪರಮ ಪ್ರಸಾದದ ಪೆಟ್ಟಿಗೆಯ ಎದುರು ಕುಳಿತಿರುತ್ತೇನೆ. ಪದ ಗಿದ ಏನನ್ನೂ ಹೇಳುವುದಿಲ್ಲ. ಇದೂ ಅದೇ ಪ್ರಾರ್ಥನೆಯೇ ಮಕ್ಕಳೇ?

ದೈವಶಾಸ್ತ್ರ ವಿದ್ಯಾರ್ಥಿ, ಬೆಂಗಳೂರು

ಅಜ್ಜಿ, ಅದೇ. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯಲ್ಲಿ ಸಂತ ಜಾನ್ ವಿಯಾನ್ನಿ ಗುರುಗಳಾಗಿದ್ದಾಗ ಒಬ್ಬ ರೈತ ನಿಮ್ಮ ಹಾಗೆಯೇ ಕುಳಿತಿರುತ್ತಿದ್ದನಂತೆ. ಏನು ಮಾಡುತ್ತೀಯಪ್ಪ ಎಂದು ಕೇಳಿದ್ದಕ್ಕೆ, ನಾನು ಅವರನ್ನು ನೋಡುತ್ತೇನೆ, ಅವರು ನನ್ನನ್ನು ನೋಡುತ್ತಾರೆ ಎಂದನಂತೆ. ಕಥೋಲಿಕ ಧರ್ಮೋಪದೇಶದ ಅಧಿಕೃತ ಗ್ರಂಥ ಮೌನ ಪ್ರಾರ್ಥನೆಯನ್ನು ವಿವರಿಸುವಾಗ ಆ ರೈತನ ಮಾತನ್ನೇ ಎತ್ತಿಕೊಂಡಿದೆ. ವಿಧಾನವಿಲ್ಲದೆಯೇ ನಿಮಗೆ ಇದು ದೊರಕಿದೆ. ನಮ್ಮಂಥವರಿಗೆ ವಿಧಾನ ಬೇಕಾಗುತ್ತದೆ.

ಮಂಗಳೂರಿನ ಅಕ್ಕ

ಹಾಸನದ ಸಹೋದರಿಗೆ ಅವಿಲಾದ ಸಂತ ತೆರೇಸರ ಬಗ್ಗೆ ಹೇಳಲೇಬೇಕು ಎನ್ನಿಸಿತು. ಧರ್ಮಸಭೆ ಪ್ರಾರ್ಥನೆಯ ಗುರುವೆಂದು ಕರೆಯುವ ಈ ಮಹಾತಾಯಿ ತಮ್ಮ ಜೀವನದ ಬಗ್ಗೆ ಬರೆಯುವಾಗ ಏನನ್ನೂ ಮುಚ್ಚಿಡಲಿಲ್ಲ. ಕೆಲವು ವರ್ಷ ಪ್ರಾರ್ಥನೆಗೆ ಕುಳಿತಾಗ ಅವರ ಗಮನವೆಲ್ಲ ಗಂಟೆ ಯಾವಾಗ ಹೊಡೆಯುತ್ತದೆ ಎಂಬುದರ ಮೇಲೇ ಇರುತ್ತಿತ್ತಂತೆ. ಪ್ರಾರ್ಥನಾಲಯದ ಒಳಗೆ ಕಾಲಿಡುವಾಗಲೇ ಮನಸ್ಸು ಭಾರವಾಗುತ್ತಿತ್ತಂತೆ. ಪ್ರಾರ್ಥನೆ ಎಂದರೆ ನಮ್ಮನ್ನು ಪ್ರೀತಿಸುತ್ತಾರೆಂದು ನಾವು ಬಲ್ಲ ಗೆಳೆಯನೊಂದಿಗೆ ಏಕಾಂತದಲ್ಲಿ ಆಗಾಗ ಕಳೆಯುವ ಸಮಯ ಎಂದು ಬರೆದವರೂ ಅವರೇ. ಗಮನಿಸಿ, ಪ್ರೀತಿಸುತ್ತಾರೆಂದು ಬಲ್ಲ ಎಂದಿದ್ದಾರೆ. ಆ ಹೊತ್ತಿನಲ್ಲಿ ಪ್ರೀತಿಯ ಅನುಭವವಾಗಲೇಬೇಕು ಎಂದಿಲ್ಲ.

ತೋಟಕ್ಕೆ ನೀರುಣಿಸುವ ಅವರ ಮಾತು ನಮ್ಮ ಕರಾವಳಿಯವರಿಗೆ ಬೇಗ ನಾಟುತ್ತದೆ. ಮೊದಲು ಬಾವಿಯಿಂದ ಸೇದಿ ಹೊಯ್ಯಬೇಕು, ರಟ್ಟೆ ಸೋಲುತ್ತದೆ. ಆಮೇಲೆ ರಾಟೆ ಬರುತ್ತದೆ, ಶ್ರಮ ಕಡಿಮೆಯಾಗಿ ನೀರು ಹೆಚ್ಚುತ್ತದೆ. ಮತ್ತೆ ಹೊಳೆಯ ನೀರು ತಾನೇ ಹರಿದು ಬರುತ್ತದೆ. ಕೊನೆಗೆ ಮಳೆ, ಅದರಲ್ಲಿ ನಮ್ಮ ಕೈಯ ಕೆಲಸವೇನೂ ಇಲ್ಲ. ನೀವೀಗ ಸೇದುತ್ತಿದ್ದೀರಿ. ಬಾವಿ ಬತ್ತಿದ್ದರೂ ತೋಟಕ್ಕೆ ಹೋಗುವುದನ್ನು ಬಿಡಬೇಡಿ, ಹೂ ಅರಳಿಸುವುದು ಒಡೆಯನ ಕೆಲಸ ಎಂದು ತೆರೇಸರು ಧೈರ್ಯ ಹೇಳುತ್ತಾರೆ.

ನಮ್ಮ ಊರಿನ ಹೆಮ್ಮೆಯ ಒಂದು ಮಾತು. ತೆರೇಸರ ಕಾರ್ಮೆಲ್ ಸಭೆಯ ಸಹೋದರಿಯರು 1870ರಲ್ಲಿ ಫ್ರಾನ್ಸಿನ ಪೋ ನಗರದಿಂದ ಹೊರಟು ಹಡಗಿನಲ್ಲಿ ಮಂಗಳೂರಿಗೆ ಬಂದು ಮಠ ಕಟ್ಟಿದರು. ಅವರ ಜೊತೆ ಬಂದವರಲ್ಲಿ ಗಲಿಲಾಯ ಪ್ರಾಂತ್ಯದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಂಬ ಯುವತಿಯೂ ಇದ್ದರು. ತಬ್ಬಲಿಯಾಗಿ ಬೆಳೆದು, ಮನೆಗೆಲಸ ಮಾಡಿ ಬದುಕಿದ, ಓದುಬರಹ ಹೆಚ್ಚು ಬಾರದ ಹುಡುಗಿ. 1871ರ ನವೆಂಬರ್ 21ರಂದು ಇದೇ ಮಂಗಳೂರಿನಲ್ಲಿ ಅವರು ವ್ರತ ಸ್ವೀಕರಿಸಿದರು. ಅವರ ಅಸಾಧಾರಣ ಅನುಭವಗಳ ಬಗ್ಗೆ ಇಲ್ಲಿ ಸಂದೇಹಗಳು ಎದ್ದು, 1872ರಲ್ಲಿ ಪೋಗೆ ಹಿಂದಿರುಗಬೇಕಾಯಿತು. ಮುಂದೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಿಸಲು ದುಡಿದು 1878ರಲ್ಲಿ ಅಲ್ಲೇ ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ದರ್ಶನ, ಭಾವಪರವಶತೆ ಇಷ್ಟೊಂದಿದ್ದರೂ ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು 'ಪುಟ್ಟ ಶೂನ್ಯ' ಎಂದು. ಪವಿತ್ರಾತ್ಮರಿಗೆ ಅವರು ಮಾಡುತ್ತಿದ್ದ ಪ್ರಾರ್ಥನೆ ಎರಡೇ ಉಸಿರಿನಷ್ಟು ಚಿಕ್ಕದಾಗಿ ಆರಂಭವಾಗುತ್ತದೆ: ಪವಿತ್ರಾತ್ಮರೇ, ನನ್ನನ್ನು ಪ್ರೇರೇಪಿಸಿರಿ, ದೇವರ ಪ್ರೀತಿಯೇ, ನನ್ನನ್ನು ದಹಿಸು. ನಾನು ಮೌನಕ್ಕೆ ಕೂರುವ ಮೊದಲು ಇದನ್ನು ಹೇಳಿಕೊಳ್ಳುತ್ತೇನೆ.

ಕುವೈತಿನಲ್ಲಿರುವ ನರ್ಸ್

ಕೊಠಡಿಯನ್ನು ಹಂಚಿಕೊಂಡು ಇರುವವರಿಗೆ ಏಕಾಂತ ಎಲ್ಲಿಂದ ಬರಬೇಕು? ರಾತ್ರಿ ಪಾಳಿ ಮುಗಿದ ಮೇಲೆ ಆಸ್ಪತ್ರೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಾನು ಇದನ್ನು ಮಾಡುತ್ತೇನೆ. ಸುತ್ತ ಮಲಯಾಳ, ತಗಾಲೋಗ್, ಅರಬ್ಬಿ ಮಾತುಗಳು ಇದ್ದೇ ಇರುತ್ತವೆ. ನಿದ್ದೆ ಬಂದರೆ ನಿದ್ದೆ ಮಾಡುತ್ತೇನೆ. ಊರಿಗೆ ಹಣ ಕಳುಹಿಸುವುದು, ರಜೆ, ವೀಸಾ ಎಂಬ ಚಿಂತೆಗಳ ನಡುವೆ ಯಾವುದನ್ನೂ ಕೇಳದೆ ದೇವರ ಜೊತೆ ಇರುವ ಹೊತ್ತು ನನಗೆ ಅದೊಂದೇ.

ಹಾಸನದ ಸಹೋದರಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮನಸ್ಸು ಹಗುರವಾಯಿತು. ಮೈಸೂರಿನ ಅಣ್ಣ ಮತ್ತು ಮಂಗಳೂರಿನ ಅಕ್ಕನಿಗೆ ವಿಶೇಷವಾಗಿ ಋಣಿ.

ಒಂದು ವಿಷಯವನ್ನು ಮೊದಲು ಬರೆಯಲು ಸಂಕೋಚವಾಗಿತ್ತು. ಇತ್ತೀಚೆಗೆ ಕುಳಿತಾಗ ಕಾರಣವಿಲ್ಲದೆ ಅಳು ಬರುತ್ತದೆ. ತೀರಿಹೋದ ಅಪ್ಪನ ಮೇಲಿನ ಹಳೆಯ ಸಿಟ್ಟು, ನಾನು ಮರೆತೇಬಿಟ್ಟಿದ್ದೇನೆ ಎಂದುಕೊಂಡದ್ದು, ಮೇಲೆದ್ದು ಬರುತ್ತದೆ. ಕೆಲವು ದಿನ ಸಂಜೆಯವರೆಗೂ ಎದೆ ಬಿಗಿದಂತೆಯೇ ಇರುತ್ತದೆ. ಪ್ರೀತಿಗೆ ಹೃದಯ ತೆರೆಯಲು ಹೋದರೆ ಸಿಟ್ಟು ಬರುತ್ತದೆಯೇ?

ಮೈಸೂರಿನ ಅಣ್ಣ

ಬರುತ್ತದೆ ತಂಗಿ. ಕೀಟಿಂಗ್ ಇದರ ಬಗ್ಗೆ ಬಹಳ ಬರೆದಿದ್ದಾರೆ. ದೇವರ ಸನ್ನಿಧಿಯಲ್ಲಿ ಮನಸ್ಸಿಗೆ ಆಳವಾದ ವಿಶ್ರಾಂತಿ ಸಿಕ್ಕಾಗ, ಬಾಲ್ಯದಿಂದ ಒಳಗೆ ಅದುಮಿಟ್ಟ ನೋವು ಸಡಿಲಗೊಂಡು ಮೇಲೆ ಬರುತ್ತದೆ. ಇದು ದೇವರು ವೈದ್ಯರಾಗಿ ಮಾಡುವ ಚಿಕಿತ್ಸೆಯ ಭಾಗ ಎಂದು ಅವರು ಹೇಳುತ್ತಿದ್ದರು. ಬಂದದ್ದನ್ನು ಆ ಹೊತ್ತಿನಲ್ಲಿ ವಿಶ್ಲೇಷಿಸಬೇಡಿ, ಓಡಿಸಲೂ ಬೇಡಿ. ಪದಕ್ಕೆ ಮರಳಿ. ಅಳು ಬಂದರೆ ಅತ್ತುಬಿಡಿ.

ಆದರೆ ಸಂಜೆಯವರೆಗೂ ಎದೆ ಬಿಗಿದಿರುತ್ತದೆ ಎಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸದ್ಯಕ್ಕೆ ಹತ್ತೇ ನಿಮಿಷ ಕುಳಿತುಕೊಳ್ಳಿ, ದಿನಕ್ಕೊಮ್ಮೆ ಸಾಕು. ಕಲಿಸಿದ ಸಿಸ್ಟರ್ ಬಳಿ ಎಲ್ಲವನ್ನೂ ಹೇಳಿ. ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಮನೆಗೆಲಸವೇ ಕಷ್ಟವಾದರೆ ವೈದ್ಯರನ್ನು ಕಾಣಿ. ಮೌನ ಪ್ರಾರ್ಥನೆ ಖಿನ್ನತೆಯ ಔಷಧಕ್ಕೆ ಬದಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆ ಎಂಬ ಮಾತಿನಿಂದ ನಮ್ಮ ಸಮುದಾಯಗಳಲ್ಲಿ ಎಷ್ಟು ಜನ ನರಳಿದ್ದಾರೆ ಎಂದು ಕಂಡವನು ನಾನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಈ ಪ್ರಾರ್ಥನೆಯ ಫಲವನ್ನು ಆ ಇಪ್ಪತ್ತು ನಿಮಿಷದೊಳಗೆ ಹುಡುಕಬೇಡಿ. ಅತ್ತೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಾಗ ನಿಮ್ಮ ದನಿ ಹೇಗಿರುತ್ತದೆ? ಕಚೇರಿಯಲ್ಲಿ ಚುಚ್ಚುಮಾತು ಆಡಿದವರ ಎದುರು ನಿಂತಾಗ ಒಳಗೆ ಸ್ವಲ್ಪವಾದರೂ ಜಾಗವಿದೆಯೇ? ದೇವರ ಪ್ರೀತಿ ಒಳಬಂದ ಗುರುತು ಅಲ್ಲಿ ಕಾಣಿಸುತ್ತದೆ, ಅದೂ ನಿಮಗಿಂತ ಮೊದಲು ಮನೆಯವರಿಗೆ.

ಹುಬ್ಬಳ್ಳಿಯ ವಿಶ್ವಾಸಿ

ಬೆಂಗಳೂರಿನ ಸಹೋದರರು ಸಮಾಧಾನದಿಂದ ಉತ್ತರಿಸಿದ್ದಕ್ಕೆ ಕೃತಜ್ಞತೆ. ಹನ್ನಳ ಮಾತು ಮನಸ್ಸಿಗೆ ಹಿಡಿಸಿತು. ವಾಕ್ಯವಿಲ್ಲದ ಮೌನದ ಬಗ್ಗೆ ನನ್ನ ಅಳುಕು ಮಾತ್ರ ಪೂರ್ತಿ ಹೋಗಿಲ್ಲ. ವಾಕ್ಯದಿಂದಲೇ ಮೌನಕ್ಕೆ ಹೋಗುವ ದಾರಿ ನಿಮ್ಮಲ್ಲಿ ಇದೆಯೇ? ಇದ್ದರೆ ನನ್ನಂಥವನು ಅಲ್ಲಿಂದ ಶುರುಮಾಡಬಹುದು. ಹಾಸನದ ಸಹೋದರಿಗಾಗಿ ನಮ್ಮ ಮನೆಪ್ರಾರ್ಥನೆಯಲ್ಲಿ ಬೇಡುತ್ತಿದ್ದೇವೆ, ಗಟ್ಟಿ ಸ್ವರದಲ್ಲಿಯೇ.

ದೈವಶಾಸ್ತ್ರ ವಿದ್ಯಾರ್ಥಿ, ಬೆಂಗಳೂರು

ಇದೆ ಸಹೋದರರೇ, ಅದೇ ಹಳೆಯ ಹೆದ್ದಾರಿ. ಲೆಕ್ಸಿಯೋ ದಿವೀನಾ, ಅಂದರೆ ಪವಿತ್ರ ಓದು ಎನ್ನುತ್ತಾರೆ. 12ನೇ ಶತಮಾನದಲ್ಲಿ ಎರಡನೆಯ ಗೀಗೊ ಎಂಬ ಕಾರ್ತೂಸಿಯನ್ ಸಂನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದರು: ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ಕೊನೆಗೆ ದೇವರಲ್ಲಿ ನೆಲೆನಿಲ್ಲುವುದು. ರೋಮಾಪುರದವರಿಗೆ ಬರೆದ ಪತ್ರದ 5:5ರಿಂದ ಆರಂಭಿಸಿ ನೋಡಿ. ಪವಿತ್ರಾತ್ಮರ ಮೂಲಕ ದೇವರ ಪ್ರೀತಿ ನಮ್ಮ ಹೃದಯಗಳಲ್ಲಿ ಸುರಿಯಲ್ಪಟ್ಟಿದೆ ಎಂದು ಅಲ್ಲಿದೆ. ನಿಧಾನವಾಗಿ ಓದಿ, ಎದೆಗೆ ತಾಗಿದ ಮಾತಿನ ಬಳಿ ನಿಲ್ಲಿ, ಅದನ್ನೇ ಹಿಡಿದು ಬೇಡಿ. ಬೇಡಿಕೆ ತಾನಾಗಿ ನಿಂತಾಗ ಎದ್ದು ಹೋಗಬೇಡಿ, ಸ್ವಲ್ಪ ಹೊತ್ತು ಅಲ್ಲೇ ಇರಿ. ಕೀಟಿಂಗ್ ಅವರೂ ತಮ್ಮ ಕ್ರಮವನ್ನು ಈ ಓದಿನ ಜೊತೆಯಲ್ಲೇ ಇಟ್ಟುಕೊಳ್ಳಬೇಕೆಂದು ಹೇಳುತ್ತಿದ್ದರು.

ಹಾಸನದ ಸಹೋದರಿ

ಹುಬ್ಬಳ್ಳಿಯ ಅಣ್ಣ, ನಿಮ್ಮ ಪ್ರಾರ್ಥನೆಗೆ ಧನ್ಯವಾದಗಳು. ನಾನು ಸಿಸ್ಟರ್ ಅವರಿಗೆ ಫೋನ್ ಮಾಡಿದೆ, ಶನಿವಾರ ಬರಲು ಹೇಳಿದ್ದಾರೆ. ಹತ್ತು ನಿಮಿಷಕ್ಕೆ ಇಳಿಸಿದ್ದೇನೆ. ಕೊನೆಯದಾಗಿ ಒಂದು ಚಿಕ್ಕ ಅನುಮಾನ. ನಾನು 'ಅಬ್ಬಾ', ಅಂದರೆ ತಂದೆ ಎಂಬ ಅರ್ಥದ ಪದ ಆರಿಸಿಕೊಂಡಿದ್ದೆ. ಅಪ್ಪನ ನೆನಪು ಅದರಿಂದಲೇ ಕೆದಕುತ್ತಿರಬಹುದು ಎನ್ನಿಸುತ್ತದೆ. ಪದ ಬದಲಾಯಿಸಬಹುದೇ?

ಮೈಸೂರಿನ ಅಣ್ಣ

ಬದಲಾಯಿಸಬಹುದು. ಕುಳಿತಿರುವ ಹೊತ್ತಿನ ನಡುವೆ ಮಾತ್ರ ಬದಲಾಯಿಸಬೇಡಿ, ಯಾವ ಪದ ಒಳ್ಳೆಯದು ಎಂಬ ಯೋಚನೆಯಲ್ಲೇ ಸಮಯ ಹೋಗುತ್ತದೆ. 'ಯೇಸು', 'ಬಾ', 'ಶಾಂತಿ' ಯಾವುದಾದರೂ ಆದೀತು. ಪದವೇ ತೊಡಕಾಗುತ್ತದೆ ಎನ್ನುವವರು ಉಸಿರನ್ನು ಗಮನಿಸಬಹುದು, ಅಥವಾ ಮನಸ್ಸಿನಲ್ಲೇ ದೇವರ ಕಡೆ ಒಮ್ಮೆ ನೋಡಿದರೂ ಆಗುತ್ತದೆ. ಶನಿವಾರ ಸಿಸ್ಟರ್ ಜೊತೆ ಕುಳಿತು ನಿರ್ಧರಿಸಿ. 'ಅಬ್ಬಾ' ಪದವನ್ನು ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ನಿಮ್ಮ ಎದುರು ಕುಳಿತು ಕೇಳುವವರು ಹೇಳುವುದೇ ಸರಿ.